ಕೀಲಿ ಗಡಿಯಾರಗಳ ಕೂಟಕ್ಕೆ ಹೋಗಿಬಂದುದು

ತುಮಕೂರಿನಿಂದ ಬೆಂಗಳೂರಿಗೆ ಬೆಳಗಿನ ರೈಲಿನಲ್ಲಿ ಹೋಗಿಬಂದು ರೂಢಿಯಾದವರಿಗೆ ಕಿಟಕಿಯ ಹೊರಗೆ ನೋಡತಕ್ಕ ಹೊಸ ವಿಶೇಷವೇನೂ ಇರುವುದಿಲ್ಲ. ಕ್ಯಾತಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ ಎಂದು ಊರುಗಳ ಹೆಸರನ್ನು ನಾಮಾವಳಿಯಂತೆ ಹೇಳಿಕೊಂಡು ಹೋಗಬಹುದು. ಆದರೂ ಕಳೆದ ಮಾಘಮಾಸದ ಒಂದು ಭಾನುವಾರ ನಾವು ಆ ದಾರಿಯಲ್ಲಿ ಹೊರಟಾಗ ಮನಸ್ಸಿನಲ್ಲಿ ಕಾತರವಿದ್ದಿತು. ಅಂಗಿಯ ಒಳಜೇಬಿನಲ್ಲಿ, ಬಿಳಿಯ ಕರವಸ್ತ್ರದಲ್ಲಿ ಸುತ್ತಿದ ನಮ್ಮ ತಂದೆಯವರ ಕೈಗಡಿಯಾರವಿದ್ದಿತು. ಅದು ನಿಂತು ಮೂರು ವರ್ಷಗಳಾಗಿದ್ದುವು.

ಗಡಿಯಾರವೇನೂ ಹೆಚ್ಚು ಬೆಲೆಯದಲ್ಲ, ಎಚ್.ಎಂ.ಟಿ. ಕಾರ್ಖಾನೆಯ 'ಜನತಾ'. ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ತಂದೆಯವರು 1974ರಲ್ಲಿ ಹೆಸರು ಬರೆಸಿ, ತಿಂಗಳುಗಟ್ಟಲೆ ಕಾದು ಅದನ್ನು ಕೊಂಡರು. ಪ್ರಾತಃಸಂಧ್ಯೆ ಮುಗಿದೊಡನೆ ಕಿಟಕಿಯ ಬಳಿ ನಿಂತು ಅದಕ್ಕೆ ಕೀಲಿ ಕೊಡುವುದು ಅವರ ನಿತ್ಯಕರ್ಮಗಳಲ್ಲಿ ಒಂದಾಗಿದ್ದಿತು. ಮಕ್ಕಳಾದ ನಮಗೆ ಅದನ್ನು ಮುಟ್ಟುವ ಅಧಿಕಾರವಿರಲಿಲ್ಲ. ಕಿವಿಗೆ ಹಿಡಿದು ಕೇಳಿಸುವ ಕೃಪೆಯನ್ನು ಮಾತ್ರ ಹಬ್ಬದ ದಿನಗಳಲ್ಲಿ ತೋರುತ್ತಿದ್ದರು. ಅವರು ಕಾಲವಾದ ಮೇಲೆ ಅದು ನಮ್ಮ ಕೈಗೆ ಬಂದು ಬಹುಕಾಲ ಚೆನ್ನಾಗಿಯೇ ನಡೆಯಿತು. ಒಮ್ಮೆ ನಿಧಾನವಾದಾಗ, ಪರಊರಿನ ಒಂದು ಅಂಗಡಿಯಲ್ಲಿ ರಿಪೇರಿಗೆ ಕೊಟ್ಟೆವು. ವಾರ ಕಳೆದು ಹೋದರೆ, ಹಳದಿಗಟ್ಟಿದ್ದ ಹಳೆಯ ಡಯಲಿನ ಜಾಗದಲ್ಲಿ ಥಳಥಳಿಸುವ ನೀಲಿಯ ಡಯಲೊಂದು ಕುಳಿತಿದ್ದಿತು. “ಹೊಸದಾಗಿ ಮಾಡಿಕೊಟ್ಟಿದ್ದೇನೆ, ಸಾರ್” ಎಂದು ಅಂಗಡಿಯವರು ಹೆಮ್ಮೆಯಿಂದ ಹೇಳಿದರು. ಹಳೆಯದು ಎಲ್ಲಿ ಎಂದರೆ, ಕಸದಲ್ಲಿ ಹೋಯಿತು ಎಂಬ ಉತ್ತರ ಬಂದಿತು. ಎಂಟು ದಿನ ಓಡಿ ಗಡಿಯಾರ ನಿಂತುಬಿಟ್ಟಿತು. ಅಪಹಾರವಾದುದು ಡಯಲು ಮಾತ್ರವೋ ಒಳಗಿನದೂ ಹೋಗಿದೆಯೋ ತಿಳಿಯುವ ಉಪಾಯ ನಮಗಿರಲಿಲ್ಲ.

ಹೀಗಿರಲು, ಈಗ ಬೆಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ದೀಪಾವಳಿಗೆ ಊರಿಗೆ ಬಂದಿದ್ದಾಗ ಈ ಕಥೆಯನ್ನು ಕೇಳಿ, “ಮೇಷ್ಟ್ರೇ, ಕೀಲಿ ಗಡಿಯಾರಗಳ ಹುಚ್ಚು ಹಿಡಿದವರು ನಾವು ಕೆಲವರಿದ್ದೇವೆ. ಎರಡು ಮೂರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಅಲ್ಲಿಗೆ ತನ್ನಿ” ಎಂದು ಕರೆದನು. ನಮ್ಮ ಮನೆಯವರು ತಾವೂ ಬರುವುದಾಗಿ ಹೇಳಿದರು. ಅವರ ಕೈಚೀಲದಲ್ಲಿ ಬುತ್ತಿಯಲ್ಲದೆ ಇನ್ನೇನಿದ್ದಿತೋ ನಾವು ಕೇಳಲಿಲ್ಲ.

ಕೂಟವಿದ್ದುದು ಮಧ್ಯಾಹ್ನದ ಮೇಲೆ, ಮಲ್ಲೇಶ್ವರದಲ್ಲಿ. ಬೆಳಗಿನ ಹೊತ್ತು ಬಿಡುವಾಗಿದ್ದುದರಿಂದ, ಶಿಷ್ಯನು ಯಶವಂತಪುರದ ನಿಲ್ದಾಣಕ್ಕೆ ಬಂದು, ನಮ್ಮಿಬ್ಬರನ್ನೂ ಮೊದಲು ಜಾಲಹಳ್ಳಿಗೆ ಕರೆದುಕೊಂಡು ಹೋದನು. ಮೆಟ್ರೋದಲ್ಲಿ ಜಾಲಹಳ್ಳಿಯವರೆಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಎಚ್.ಎಂ.ಟಿ.ಯವರ ವಸ್ತುಸಂಗ್ರಹಾಲಯದ ಮುಂದೆ ಇಳಿದೆವು. 2019ರಲ್ಲಿ ಇದನ್ನು ತೆರೆದರಂತೆ. ಸುತ್ತಲೂ ದೊಡ್ಡ ಮರಗಳು; ನಗರದ ಗದ್ದಲ ಬೇಲಿಯ ಆಚೆಗೇ ನಿಂತುಹೋಗುವುದು. ಕಾರ್ಖಾನೆಯ ಲೋಹ ಕೊರೆಯುವ ಯಂತ್ರಗಳು, ಟ್ರಾಕ್ಟರು ಮೊದಲಾದುವೂ ಇವೆ. ಆದರೆ ಜನ ಸೇರುವುದು ಗಡಿಯಾರಗಳ ಮುಂದೆಯೇ. ಪೈಲಟ್, ಸೋನಾ, ಕೊಹಿನೂರ್, ಜವಾನ್, ಕಾಂಚನ್, ರಜತ್ ಎಂಬ ಹೆಸರುಗಳನ್ನು ಓದುತ್ತ ಹೋದರೆ ಒಂದೊಂದಕ್ಕೂ ಒಬ್ಬೊಬ್ಬ ಪರಿಚಿತರ ಮಣಿಕಟ್ಟು ನೆನಪಿಗೆ ಬರುವುದು. ಕಾಂಚನ್ ಎಂಬುದು ಕೀಲಿ ಬೇಡದೆ ಕೈಯ ಚಲನೆಯಿಂದಲೇ ನಡೆಯುವ ಜಾತಿ. ಒಂದು ಕಾಲದಲ್ಲಿ ವರಪೂಜೆಯ ಮಾತುಕತೆಯಲ್ಲಿ ಇದರ ಹೆಸರು ಬಾರದ ಮನೆಗಳು ಕಡಮೆ. ನಮ್ಮ ಮನೆಯವರು ಅದರ ಮುಂದೆ ಸ್ವಲ್ಪ ಹೊತ್ತು ನಿಂತು, “ಇದಕ್ಕಾಗಿ ನಮ್ಮ ಚಿಕ್ಕಪ್ಪ ಅರ್ಧ ಎಕರೆ ತೆಂಗು ಮಾರಿದರು” ಎಂದರು. ನಾವು ಮಾತನಾಡಲಿಲ್ಲ.

ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಎಂಬ ಸರ್ಕಾರಿ ಸಂಸ್ಥೆ ಬೆಂಗಳೂರಿನಲ್ಲಿ ಹುಟ್ಟಿದುದು 1953ರಲ್ಲಿ. ಗಡಿಯಾರದ ಕಾರ್ಖಾನೆ ಬಂದುದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ. ಆ ಹೆಸರಿಗೊಂದು ಸ್ವಾರಸ್ಯವಿದೆ. ಗಡಿಯಾರವೆಂಬುದು ಸಿರಿವಂತರ ವಸ್ತುವಾಗಿದ್ದ ಕಾಲದಲ್ಲಿ, 1924ರಲ್ಲಿ, ಟೋಕಿಯೋದಲ್ಲಿ ತಯಾರಾದ ಒಂದು ಜೇಬುಗಡಿಯಾರಕ್ಕೆ ಹಿಂದೆ ಆ ನಗರದ ಮೇಯರಾಗಿದ್ದ ಗೋತೋ ಶಿನ್‌ಪೇ ಎಂಬವರು 'ಸಿಟಿಜನ್' ಎಂಬ ನಾಮಕರಣ ಮಾಡಿದರು. ಸಿಟಿಜನ್ ಎಂದರೆ ನಾಗರಿಕ; ನಗರದ ಸಾಧಾರಣ ಪ್ರಜೆಗೂ ಇದು ಎಟುಕಲಿ ಎಂಬುದು ಅವರ ಇಚ್ಛೆ. ಆ ಮನೆತನದ ವಿದ್ಯೆ ಇಲ್ಲಿಗೆ ಬಂದಾಗ ನಮ್ಮವರು ಇಟ್ಟ ಹೆಸರು 'ಜನತಾ'. ಯಂತ್ರದೊಡನೆ ಅದರ ಸಂಕಲ್ಪವೂ ಸಮುದ್ರ ದಾಟಿ ಬಂದಿತೆನ್ನಬಹುದು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಜವಾಹರಲಾಲ್ ನೆಹರೂ. ಮುಂದೆ 1970ರ ದಶಕದಲ್ಲಿ ಶ್ರೀನಗರದಲ್ಲಿಯೂ ನಮ್ಮ ತುಮಕೂರಿನಲ್ಲಿಯೂ, ತರುವಾಯ ಹಿಮಾಲಯದ ತಪ್ಪಲಿನ ರಾಣೀಬಾಗದಲ್ಲಿಯೂ ಕಾರ್ಖಾನೆಗಳಾದುವು. ಒಟ್ಟು ಹತ್ತು ಕೋಟಿಗೂ ಹೆಚ್ಚು ಗಡಿಯಾರಗಳು ಈ ಸಂಸ್ಥೆಯಿಂದ ಹೊರಬಿದ್ದುವೆಂದು ಹೇಳುತ್ತಾರೆ.

ತುಮಕೂರಿನವರಾದ ನಮಗೆ ಇದು ಓದಿ ತಿಳಿದ ಚರಿತ್ರೆಯಲ್ಲ. ನಮ್ಮ ತರಗತಿಗಳಲ್ಲಿ ಪ್ರತಿ ವರ್ಷವೂ ಐದಾರು ಮಂದಿ “ಎಚ್.ಎಂ.ಟಿ. ಮಕ್ಕಳು” ಇರುತ್ತಿದ್ದರು, ಅವರ ತಂದೆತಾಯಂದಿರು ಕಾರ್ಖಾನೆಯ ಬಸ್ಸಿನಿಂದ ಇಳಿಯುವ ಹೊತ್ತು ನೋಡಿ ನಮ್ಮ ಬೀದಿಯವರು ಒಲೆ ಹಚ್ಚುತ್ತಿದ್ದರು. ಆದರೆ ಕಾಲದ ವಸ್ತುವನ್ನು ಕಾಲವೇ ಹಿಂದೆ ಹಾಕಿತು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿಯವರು ಸ್ಫಟಿಕದ ಸ್ಪಂದನದಿಂದ ನಡೆಯುವ ಕ್ವಾರ್ಟ್ಸ್ ಕೈಗಡಿಯಾರವನ್ನು ಹೊರತಂದರು. ಈಗಿನ ಅಂಥ ಗಡಿಯಾರಗಳಲ್ಲಿ ಸ್ಫಟಿಕವು ಒಂದು ಸೆಕೆಂಡಿಗೆ 32,768 ಸಲ ಕಂಪಿಸುವುದು. ತಿಂಗಳಿಗೆ ಕೆಲವು ಸೆಕೆಂಡು ತಪ್ಪುವ ಆ ಯಂತ್ರದ ಮುಂದೆ, ದಿನಕ್ಕೆ ಅರ್ಧ ನಿಮಿಷ ತಪ್ಪುವ ಕೀಲಿಗಡಿಯಾರ ಎಷ್ಟರದು? 1987ರಿಂದ ಟೈಟನ್‌ನವರು ನಮ್ಮ ದೇಶದಲ್ಲಿ ಕ್ವಾರ್ಟ್ಸನ್ನು ಅಂದವಾಗಿ ಮಾರಿದರು. ಎಚ್.ಎಂ.ಟಿ.ಯವರೂ ಅದನ್ನು ಮಾಡಿದರಾದರೂ ಪೇಟೆಯ ಗತಿಯನ್ನು ಹಿಡಿಯಲಾರದೆ ಹೋದರು. 2016ರ ಜನವರಿಯಲ್ಲಿ ಗಡಿಯಾರದ ವಿಭಾಗವನ್ನು ಮುಚ್ಚಲು ಕೇಂದ್ರ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯೂ ಆ ವರ್ಷವೇ ನಿಂತಿತು. ಆ ನೆಲ ಈಗ ಬಾಹ್ಯಾಕಾಶ ಸಂಸ್ಥೆಯಾದ ಇಸ್ರೋವಿನ ಪಾಲಿಗೆ ಬಂದಿದೆ. ಗಡಿಯಾರ ಮಾಡಿದ ನೆಲದಿಂದ ಗ್ರಹಗಳ ಕಡೆಗೆ ದೃಷ್ಟಿ ಹೋಗುವುದು ಜ್ಯೋತಿಷದ ಕ್ರಮಕ್ಕೆ ಸರಿಯಾಗಿಯೇ ಇದೆ. ಆದರೆ ಬಸ್ಸಿನಿಂದ ಇಳಿಯುತ್ತಿದ್ದ ಆ ಜನರು ಈಗ ನಮ್ಮ ಬೀದಿಯಲ್ಲಿ ಇಳಿಯುವುದಿಲ್ಲ.

ಮಧ್ಯಾಹ್ನದ ಬುತ್ತಿಯನ್ನು ಮರದ ನೆರಳಿನಲ್ಲಿ ಮುಗಿಸಿ, ಮತ್ತೆ ಮೆಟ್ರೋ ಹಿಡಿದು ಸಂಪಿಗೆ ರಸ್ತೆಯ ನಿಲ್ದಾಣದಲ್ಲಿಳಿದು ಮಲ್ಲೇಶ್ವರದ ಆ ಮನೆಗೆ ಹೋದೆವು. ಹಳೆಯ ಕಾಲದ ಹೆಂಚಿನ ಮನೆ, ಅಗಲವಾದ ಜಗಲಿ. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮನೆಯ ಯಜಮಾನರು, “ಬನ್ನಿ ಮೇಷ್ಟ್ರೇ, ಅಮ್ಮಾವ್ರೇ ಬನ್ನಿ” ಎಂದು ಬರಮಾಡಿಕೊಂಡರು. ಹಜಾರದಲ್ಲಿ ಜಮಖಾನ ಹಾಸಿ, ಅದರ ಮೇಲೆ ಬಿಳಿಯ ಪಂಚೆ ಹರಡಿದ್ದರು. ಸುಮಾರು ಇಪ್ಪತ್ತೈದು ಮಂದಿ ಸುತ್ತ ಕುಳಿತು ತಮ್ಮ ತಮ್ಮ ಗಡಿಯಾರಗಳನ್ನು ಆ ಪಂಚೆಯ ಮೇಲೆ ಸಾಲಾಗಿ ಇಡುತ್ತಿದ್ದರು. ನೋಡಿದರೆ ನವರಾತ್ರಿಯ ಗೊಂಬೆಗಳ ನೆನಪಾಗುವಂತಿದ್ದಿತು. ಕಾಲೇಜಿನ ಹುಡುಗರು, ಒಬ್ಬ ಆಟೋ ಓಡಿಸುವವರು, ಒಬ್ಬ ವೈದ್ಯೆ, ಕಂಪ್ಯೂಟರಿನ ಕೆಲಸದವರು, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾತ ಎಲ್ಲರೂ ಇದ್ದರು.

ಸಂಗ್ರಾಹಕರೆಂದರೆ ಲಕ್ಷಗಟ್ಟಲೆ ಬೆಲೆಯ ಸ್ವಿಸ್ ಗಡಿಯಾರಗಳನ್ನು ತಿಜೋರಿಯಲ್ಲಿಟ್ಟವರೆಂದು ನಾವು ಎಣಿಸಿದ್ದೆವು. ಇಲ್ಲಿ ಅಂಥದು ಒಂದೂ ಇರಲಿಲ್ಲ. ಇರಬಾರದೆಂಬ ಕಟ್ಟಳೆಯೇನಿಲ್ಲ, ಆದರೆ ಸಂಬಳದಾರನು ಮನೆಯವರ ಬೈಗುಳಕ್ಕೆ ಗುರಿಯಾಗದೆ ಕೊಳ್ಳಬಹುದಾದುದೇ ಇಲ್ಲಿ ಆದರಕ್ಕೆ ಪಾತ್ರ. ಕೂಟಕ್ಕೆ ಎರಡೇ ನಿಯಮಗಳು. ಕೈ ಬದಲಾಗುವ ಗಡಿಯಾರವನ್ನು ತಾನು ಕೊಂಡ ಬೆಲೆಗೇ ಕೊಡಬೇಕು, ಲಾಭವಿಡಬಾರದು. ಮತ್ತು ಮಧ್ಯದಲ್ಲಿರುವ ಬಿಸ್ಕತ್ತಿನ ತಗಡಿನ ಡಬ್ಬಿಯಿಂದ ಬಿಡಿಭಾಗ ತೆಗೆದುಕೊಂಡವನು ಎಂದಾದರೊಂದು ದಿನ ಅದಕ್ಕೆ ಏನನ್ನಾದರೂ ಹಾಕಬೇಕು. 2014ರಲ್ಲಿ ಕಾರ್ಖಾನೆ ಮುಚ್ಚುವ ಸುದ್ದಿ ಬಂದೊಡನೆ ಜನ ಮುಗಿಬಿದ್ದು ಕೊಂಡು, ಬೆಲೆ ಏರಿ, ಖೋಟಾ ಮಾಲು ಹುಟ್ಟಿದುದನ್ನು ಕಂಡವರು ಈ ನಿಯಮಗಳನ್ನು ಮಾಡಿಕೊಂಡರಂತೆ. ಕಾರ್ಖಾನೆ ಎಂದೂ ಮಾಡದ ಬಣ್ಣಗಳು, ವಕ್ರವಾಗಿ ಕುಳಿತ ಅಂಕಿಗಳು, ದಪ್ಪಗೆ ಹರಡಿದ ಅಕ್ಷರಗಳು, ಹಳೆಯ ಪೆಟ್ಟಿಗೆಯಲ್ಲಿ ಹೊಸ ಬಣ್ಣದ ಮುಖ ಇವೇ ಖೋಟಾದ ಲಕ್ಷಣಗಳು. ಶಿಷ್ಯನು ಒಂದೊಂದನ್ನೂ ತೋರಿಸುತ್ತಿದ್ದಂತೆ ನಮ್ಮ ಕೈ ತಾನೇ ಜೇಬಿನ ಮೇಲೆ ಹೋಯಿತು.

ಎಚ್.ಎಂ.ಟಿ. ಮಾತ್ರವೇ ಅಲ್ಲಿದ್ದುದೂ ಅಲ್ಲ. ದೊಡ್ಡ ಕಂಪನಿಗಳ ಹಂಗಿಲ್ಲದೆ ಇಬ್ಬರು ಮೂವರು ಸೇರಿ ತಾವೇ ರೂಪ ಕಲ್ಪಿಸಿ, ಕೆಲವು ನೂರು ಗಡಿಯಾರಗಳನ್ನು ಮಾತ್ರ ಮಾಡಿಸಿ ಮಾರುವ ಸ್ವತಂತ್ರ ತಯಾರಕರು ಈಗ ನಾನಾ ದೇಶಗಳಲ್ಲಿ ಹುಟ್ಟಿಕೊಂಡಿದ್ದಾರೆ. ನಮ್ಮ ದೇಶದಲ್ಲಿಯೂ ಇದ್ದಾರೆ. ಯಂತ್ರವನ್ನು ತಾವು ಮಾಡುವ ಶಕ್ತಿ ಅವರಲ್ಲಿ ಬಹುಮಂದಿಗಿಲ್ಲ, ಕೊಂಡು ತರುತ್ತಾರೆ. ಒಬ್ಬ ಹುಡುಗನು ತನ್ನ ಮೊದಲ ಸಂಬಳದಲ್ಲಿ ಕೊಂಡ ಅಂಥದೊಂದನ್ನು ತಿರುಗಿಸಿ ಹಿಂಭಾಗದ ಗಾಜಿನಿಂದ ಒಳಗನ್ನು ತೋರಿಸಿದನು. ಅರ್ಧಚಂದ್ರದಂಥ ತೂಕದ ತಗಡು ಓಲಾಡುತ್ತಿದ್ದಿತು. “ಇದು ಮಿಯೋಟಾ ಯಂತ್ರ, ಸಾರ್. ಮಿಯೋಟಾ ಅಂದರೆ ಸಿಟಿಜನ್‌ನವರದೇ” ಎಂದನು. ಹಾಗಾದರೆ ಇದಕ್ಕೂ ನಮ್ಮ ಜನತಾಕ್ಕೂ ಒಂದೇ ಗುರುಕುಲವಾಯಿತಲ್ಲ ಎಂದೆವು. ಆ ಮಾತು ಹುಡುಗನಿಗೆ ಬಹಳ ಹಿಡಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಚಿತ್ರ ತೆಗೆದುಕೊಂಡನು. ಎಲ್ಲಕ್ಕಿಂತ ದೊಡ್ಡ ಎಚ್.ಎಂ.ಟಿ. ಯಾರ ಬಳಿ ಇದೆ ಎಂದು ತೊಡೆಯ ಮೇಲಿನ ಹುಡುಗಿ ಕೇಳಿದಳು. ಲಾಲ್‌ಬಾಗಿನಲ್ಲಿ ಏಳು ಮೀಟರು ಅಗಲದ ಹೂವಿನ ಗಡಿಯಾರವಿದೆ, 1983ರದು. ಅದನ್ನು ಮಾತ್ರ ಯಾರೂ ಜೇಬಿಗೆ ಹಾಕಿಕೊಳ್ಳಲಾರರು ಎಂದು ಅವಳ ತಾತ ಉತ್ತರ ಹೇಳಿದರು.

ನಮ್ಮ ಸರದಿ ಬಂದಿತು. ಕಿಟಕಿಯ ಬಳಿ, ಬಟ್ಟೆ ಹೊಲಿಯುವ ಯಂತ್ರದ ಮೇಜನ್ನೇ ಕಾರ್ಯಪೀಠ ಮಾಡಿಕೊಂಡು ಒಬ್ಬ ಹಿರಿಯ ಮಹಿಳೆ ಕುಳಿತಿದ್ದರು. ಬೆಂಗಳೂರಿನ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಗಡಿಯಾರಗಳನ್ನು ಜೋಡಿಸಿದವರು. ಹುಡುಗರೆಲ್ಲ ಅವರನ್ನು 'ಅಮ್ಮ' ಎನ್ನುತ್ತಾರೆ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಹಣೆಯ ಮೇಲಿನಿಂದ ಇಳಿಸಿ, ನಮ್ಮ ಗಡಿಯಾರವನ್ನು ಒಮ್ಮೆ ನೋಡಿ, “ಈ ಡಯಲು ನಮ್ಮದಲ್ಲ” ಎಂದರು. 'ನಮ್ಮದು' ಎಂಬ ಆ ಮಾತಿನಲ್ಲಿ ಕಾರ್ಖಾನೆ ಇನ್ನೂ ನಡೆಯುತ್ತಿದ್ದಿತು.

ಹಿಂಬದಿಯ ಮುಚ್ಚಳ ತೆಗೆದು, ಅದರ ಒಳಮೈಯನ್ನು ಬೆಳಕಿಗೆ ಹಿಡಿದರು. ರಿಪೇರಿ ಮಾಡಿದವರು ಸೂಜಿಯಿಂದ ಗೀಚಿಡುವ ಗುರುತುಗಳು ಅಲ್ಲಿ ಇದ್ದುವು: 1981, 1989, 1996. ಆ ಅಂಕಿಗಳು ಇವೆಯೆಂಬುದು ನಮಗೆ ಗೊತ್ತೇ ಇರಲಿಲ್ಲ. 1981 ನಾವು ಊರು ಬಿಟ್ಟು ಸಂಸ್ಕೃತ ಪಾಠಶಾಲೆಗೆ ಸೇರಿದ ವರ್ಷ. ಆ ಸಲ ನಮ್ಮನ್ನು ಬಿಡಲು ಬಂದಾಗ ತಂದೆಯವರ ಕೈ ಬರಿದಾಗಿದ್ದುದು ಈಗ ನೆನಪಿಗೆ ಬಂದಿತು. ಗಡಿಯಾರ ರಿಪೇರಿಯಲ್ಲಿದ್ದಿರಬೇಕು.

“ಪೆಟ್ಟಿಗೆ, ಮುಚ್ಚಳ, ಚಕ್ರಗಳು, ಕಲ್ಲುಗಳು ಎಲ್ಲ ಸರಿಯಾಗಿವೆ, ಮೇಷ್ಟ್ರೇ. ಆದರೆ ಬ್ಯಾಲೆನ್ಸು ಬೇರೆಯದನ್ನು ತುರುಕಿದ್ದಾರೆ” ಎಂದರು. ವಾಚಕರಿಗೆ ಸ್ವಲ್ಪ ವಿವರಿಸಬೇಕು. ಕೀಲಿ ಕೊಟ್ಟಾಗ ಸುತ್ತಿಕೊಳ್ಳುವ ದೊಡ್ಡ ಸ್ಪ್ರಿಂಗಿನಲ್ಲಿ ಶಕ್ತಿ ಕೂಡುವುದು. ಅದು ಒಮ್ಮೆಗೇ ಬಿಚ್ಚಿಕೊಳ್ಳದಂತೆ ತಡೆತಡೆದು ಬಿಡುವುದು, ಕೂದಲಿನಂಥ ಸುರುಳಿಯ ಬಲದಿಂದ ಅತ್ತಿತ್ತ ಹೊರಳುವ ಬ್ಯಾಲೆನ್ಸ್ ಚಕ್ರ. ಅದರ ಅಚ್ಚಿನ ತುದಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸಣ್ಣದು. ಸವೆಯದಿರಲೆಂದು ಅದನ್ನು ಕೃತಕ ಕೆಂಪುಕಲ್ಲಿನ ಕುಳಿಯಲ್ಲಿ ಕೂರಿಸುತ್ತಾರೆ. ಡಯಲಿನ ಮೇಲೆ ಹದಿನೇಳು ಜ್ಯೂಯೆಲ್ಸ್ ಎಂದು ಬರೆದಿರುವುದು ಇಂಥ ಕಲ್ಲುಗಳ ಲೆಕ್ಕ. ಜನತಾದಲ್ಲಿ ಈ ಚಕ್ರವು ಗಂಟೆಗೆ 18,000 ಸಲ ಹೊರಳುವುದು.

ಅಲ್ಲಿಯೇ ಕುಳಿತಿದ್ದ ಸಂಗೀತದ ಮೇಷ್ಟ್ರೊಬ್ಬರು, “ಒಮ್ಮೆ ಇಲ್ಲಿ ಕೊಡಿ, ಅಮ್ಮ” ಎಂದರು. ಅವರಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಅವರ ಕೈಯಲ್ಲಿ ಅಂಧರಿಗಾಗಿಯೇ ಎಚ್.ಎಂ.ಟಿ.ಯವರು ಮಾಡಿದ ಬ್ರೈಲ್ ಗಡಿಯಾರವಿದ್ದಿತು. ಮುಚ್ಚಳ ಎತ್ತಿ, ಉಬ್ಬಿದ ಚುಕ್ಕಿಗಳನ್ನೂ ಮುಳ್ಳುಗಳನ್ನೂ ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯುತ್ತಾರೆ. ಅಮ್ಮನು ನಮ್ಮ ಗಡಿಯಾರಕ್ಕೆ ನಾಲ್ಕು ಸುತ್ತು ಕೀಲಿ ಕೊಟ್ಟು ಅಲುಗಿಸಿದರೆ ಅದು ಅರ್ಧ ನಿಮಿಷ ಮಾತ್ರ ಓಡುತ್ತಿದ್ದಿತು. ಆ ಅರ್ಧ ನಿಮಿಷವನ್ನು ಕಿವಿಗೆ ಹಿಡಿದು ಕೇಳಿ, “ತಾಳ ತಪ್ಪಿದೆ. ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಗಿಡ್ಡ. ಕುಂಟುತ್ತಿದೆ” ಎಂದರು. ಅಮ್ಮನು ತಲೆದೂಗಿದರು.

ಈ 'ಹೆಜ್ಜೆ'ಯ ಮಾತು ಕೇಳಿ ನಮಗೊಂದು ಗಣಿತ ಹೊಳೆಯಿತು. ನಮ್ಮ ಜ್ಯೋತಿಷಗ್ರಂಥಗಳಲ್ಲಿ ಘಳಿಗೆಗೆ ಅರವತ್ತು ವಿಘಳಿಗೆ, ವಿಘಳಿಗೆಗೆ ಆರು ಪ್ರಾಣ, ಪ್ರಾಣಕ್ಕೆ ಹತ್ತು ಗುರ್ವಕ್ಷರ. ಘಳಿಗೆಯೆಂದರೆ 24 ನಿಮಿಷವಷ್ಟೆ. ಅಂತು ಒಂದು ಗುರುವಿನ ಉಚ್ಚಾರಣೆಗೆ 0.4 ಸೆಕೆಂಡು, ಅದರ ಅರ್ಧವಾದ ಲಘುವಿಗೆ 0.2 ಸೆಕೆಂಡು. ಜನತಾದ ಒಂದು ಹೆಜ್ಜೆಯೂ 0.2 ಸೆಕೆಂಡೇ! ಹೆಜ್ಜೆಗೊಂದು ಲಘುವಿನಂತೆ, ಒಂದೇ ಒಂದು ಗುರುವೂ ಇಲ್ಲದೆ ತಂದೆಯವರ ಗಡಿಯಾರ ಇಷ್ಟು ವರ್ಷ ಪಾಠ ಒಪ್ಪಿಸುತ್ತಿದ್ದಿತು. ಅಷ್ಟೇ ಅಲ್ಲ, ಒಂದು ಅಹೋರಾತ್ರದಲ್ಲಿ ಅದು ಇಡುವ ಹೆಜ್ಜೆಗಳು 4,32,000. ಕಲಿಯುಗದ ವರ್ಷಗಳೂ 4,32,000. ಉತ್ಸಾಹದಿಂದ ಇದನ್ನು ಸಭೆಗೆ ವಿವರಿಸಿದೆವು. ಹುಡುಗರು ಬಾಯಿಬಿಟ್ಟು ಕೇಳಿದರು. ನಮ್ಮ ಮನೆಯವರು ಮಾತ್ರ, “ರೀ, ಮೊದಲು ಅದು ಓಡಲಿ” ಎಂದರು.

ಓಡಬೇಕಾದರೆ ಸರಿಯಾದ ಬ್ಯಾಲೆನ್ಸು ಬೇಕು. ಹೊಸದನ್ನು ಈಗ ಯಾರೂ ಮಾಡುವುದಿಲ್ಲ. ಇನ್ನೊಂದು ಸತ್ತ ಜನತಾದಿಂದಲೇ ಬರಬೇಕು. ಡಬ್ಬಿಯಲ್ಲಿ ಹುಡುಕಿದರು, ಸಿಕ್ಕಲಿಲ್ಲ. ಆಗ ಆಟೋ ಓಡಿಸುವವರು ತಮ್ಮ ಚೀಲದಿಂದ ಪೆಟ್ಟಿಗೆ ಒಡೆದು ತುಕ್ಕು ಹಿಡಿದ ಒಂದು ಜನತಾವನ್ನು ತೆಗೆದರು. ಆ ಬೆಳಿಗ್ಗೆಯೇ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ, ಹಳೆಯ ಬೀಗ ಕತ್ತರಿಗಳ ನಡುವೆ ಸಿಕ್ಕಿದುದಂತೆ. ಅಮ್ಮನು ಬಿಚ್ಚಿ ನೋಡಿ, ಬ್ಯಾಲೆನ್ಸು ಚೆನ್ನಾಗಿದೆಯೆಂದೂ ಡಯಲೂ ಕಾರ್ಖಾನೆಯದೇ ಎಂದೂ ಹೇಳಿದರು. ಬಿಳಿಯ ಡಯಲು, ನಾಲ್ಕರ ಅಂಕಿಯ ಬಳಿ ನೀರಿಳಿದ ಕಂದು ಕಲೆ.

“ಎರಡನ್ನೂ ಹಾಕಲೇ?” ಎಂದು ಅಮ್ಮ ಕೇಳಿದಾಗ ನಾವು ಕೂಡಲೆ ಉತ್ತರ ಕೊಡಲಾರದೆ ಹೋದೆವು. ಬ್ಯಾಲೆನ್ಸು ಒಳಗಿರುವುದು, ಕಾಣದು. ಡಯಲು ಮುಖ. ನೀಲಿಯ ಸುಳ್ಳುಮುಖವನ್ನು ಕಿತ್ತು, ಯಾವನೋ ಕಾಣದ ಮನುಷ್ಯನ ಮುಖವನ್ನು ತಂದೆಯವರ ಗಡಿಯಾರಕ್ಕೆ ಇಡುವುದೆ? ಅವಯವಗಳು ಬದಲಾದರೆ ಅವಯವಿ ಅದೇ ಆಗಿ ಉಳಿಯುವುದೋ ಬೇರೊಂದಾಗುವುದೋ ಎಂದು ನೈಯಾಯಿಕರೂ ಬೌದ್ಧರೂ ಶತಮಾನಗಟ್ಟಲೆ ವಾದಿಸಿದುದನ್ನು ಪಾಠ ಹೇಳಿದ್ದೇವೆ; ಅಂದು ಹೊಲಿಗೆಯ ಮೇಜಿನ ಮುಂದೆ ಆ ವಾದ ಯಾವ ಕೆಲಸಕ್ಕೂ ಬರಲಿಲ್ಲ. ನಮ್ಮ ಮನೆಯವರೇ ಕೊನೆಗೆ, “ಹಾಕಿ ಅಮ್ಮ. ಆ ಕಲೆಯೂ ಯಾರದೋ ಮನೆಯ ಯಜಮಾನರ ಬೆವರೇ ಇರಬೇಕು. ಮಾವನವರಿಗೆ ಬೇಸರವಾಗದು” ಎಂದರು. ಮೂರು ವರ್ಷ ನೀಲಿಯ ಡಯಲನ್ನು ನೋಡಲಾರದೆ ಗಡಿಯಾರವನ್ನು ಬೀರುವಿನಲ್ಲಿ ಮುಚ್ಚಿಟ್ಟವರು ನಾವು. ಅವರ ಮಾತಿಗೆ ಎದುರಾಡಲಿಲ್ಲ.

ಅಮ್ಮನ ಕೈಗೆಲಸವನ್ನು ವರ್ಣಿಸುವ ಶಕ್ತಿ ನಮಗಿಲ್ಲ. ಚಿಮುಟದಲ್ಲಿ ಚಕ್ರವನ್ನೆತ್ತಿ ಇಳಿಸುವಾಗ ಉಸಿರು ಹಿಡಿದರು, ಸುತ್ತಲಿದ್ದವರೂ ಹಿಡಿದರು. ಒಂದು ತಿರುಪು ಕಣ್ಣಿಗೆ ಕಾಣದಂತೆ ಹಾರಿ ಪಂಚೆಯ ಮಡಿಕೆಯಲ್ಲಿ ಬಿದ್ದಾಗ ಅದನ್ನು ಕಂಡುಹಿಡಿದವಳು ಆ ಪುಟ್ಟ ಹುಡುಗಿ. ಸುಮಾರು ಐವತ್ತು ನಿಮಿಷಗಳ ತರುವಾಯ ಅಮ್ಮನು ಗಡಿಯಾರವನ್ನು ನಮಗೆ ಕೊಡದೆ ಸಂಗೀತದ ಮೇಷ್ಟ್ರಿಗೆ ಕೊಟ್ಟರು. ಅವರು ಕೇಳಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿ, ಸುರುಳಿಯ ನೆಲೆಯನ್ನು ಇನ್ನೂ ಒಂದಿಷ್ಟು ತಿರುಗಿಸಬೇಕೆಂದು ಸೂಚಿಸಿದರು. ಎರಡು ಸಲ ಹೀಗಾದ ಮೇಲೆ, “ಈಗ ಸಮವಾಯಿತು” ಎಂದರು. ಆ ಬಳಿಕ ಅದು ನಮ್ಮ ಕಿವಿಗೆ ಬಂದಿತು. ಹಬ್ಬದ ದಿನದ ಅದೇ ಶಬ್ದ.

ಬೆಲೆಯೆಷ್ಟೆಂದು ಕೇಳಿದ್ದಕ್ಕೆ ಆಟೋದವರು, ಸಂತೆಯಲ್ಲಿ ತಾವು ಕೊಟ್ಟ ನೂರಿಪ್ಪತ್ತು ರೂಪಾಯಿಯ ಮೇಲೆ ಒಂದು ಕಾಸನ್ನೂ ಮುಟ್ಟಲಿಲ್ಲ. ಅಮ್ಮನಂತೂ ಏನನ್ನೂ ತೆಗೆದುಕೊಳ್ಳಲಿಲ್ಲ. “ಡಬ್ಬಿಗೆ ಏನಾದರೂ ಹಾಕಿ ಮೇಷ್ಟ್ರೇ, ಯಾವಾಗಲಾದರೂ” ಎಂದರು.

ಆಗ ನಮ್ಮ ಮನೆಯವರು ಕೈಚೀಲದ ತಳದಿಂದ ಒಂದು ಸಣ್ಣ ಗಂಟನ್ನು ತೆಗೆದರು. ಅದರಲ್ಲಿ ಹೆಂಗಸರ 'ಸುಜಾತಾ' ಗಡಿಯಾರವಿದ್ದಿತು. ಮದುವೆಯಲ್ಲಿ ಅವರ ಅಣ್ಣ ಕೊಟ್ಟುದು; ಆ ಅಣ್ಣ ಈಗಿಲ್ಲ. ಮೊದಲ ಮಗುವಿನ ಕಾಲದಲ್ಲಿ ಅದು ಹಂಡೆಯ ನೀರಿಗೆ ಬಿದ್ದು ನಿಂತುದನ್ನು ನಾವು ಮರೆತೇಬಿಟ್ಟಿದ್ದೆವು. ನಮ್ಮ ಗಡಿಯಾರಕ್ಕಾಗಿ ಮೂರು ವರ್ಷ ನಿಟ್ಟುಸಿರು ಬಿಟ್ಟವರಿಗೆ, ಮನೆಯಲ್ಲಿ ಇನ್ನೊಂದು ನಿಂತ ಗಡಿಯಾರವಿದೆಯೆಂಬ ನೆನಪೇ ಬಾರದಿದ್ದುದಕ್ಕೆ ಏನೆನ್ನಬೇಕು! ಅಮ್ಮನು ಬಹಳ ಹೊತ್ತು ನೋಡಿದರು. ಒಳಗೆಲ್ಲ ತುಕ್ಕು; ಹೆಂಗಸರ ಗಡಿಯಾರಗಳ ಭಾಗಗಳು ಸಿಕ್ಕುವುದೂ ಅಪರೂಪ; ತಮ್ಮಿಂದಾಗದು ಎಂದು ಮೆಲ್ಲಗೆ ಹೇಳಿದರು. “ಎರಡು ಚಕ್ರ, ಕೀಲಿಯ ಗುಂಡಿ, ಗಾಜು ಚೆನ್ನಾಗಿವೆ ಅಷ್ಟೆ, ತಾಯಿ.”

ನಮ್ಮ ಮನೆಯವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕುಳಿತರು. ಮುಂದಿನ ಸಲ ತರೋಣ, ಬೇರೆಲ್ಲಾದರೂ ತೋರಿಸೋಣ ಎಂದು ನಾವು ಹೇಳಿದುದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದರ ಸಣ್ಣ ಚರ್ಮದ ಪಟ್ಟಿಯನ್ನು ತಾವೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಗಡಿಯಾರವನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟರು. ಕಾಫಿ ಬಂದಿತು. ವೈದ್ಯೆಯವರು ಅವರ ಪಕ್ಕದಲ್ಲಿ ಬಂದು ಕುಳಿತು ಊರು ಮಕ್ಕಳ ವಿಚಾರ ಮಾತನಾಡಿಸಿದರು.

ಸಂಜೆಯ ರೈಲಿನಲ್ಲಿ ಜನ ಬಹಳವಿದ್ದಿತು. ದಾಬಸ್‌ಪೇಟೆಯವರೆಗೆ ನಿಂತೇ ಬಂದೆವು. ಅಮ್ಮನು ನಮಗೆ ಒಂದು ಕೆಲಸ ಹೇಳಿ ಕಳುಹಿಸಿದ್ದರು: ಪ್ರತಿದಿನ ಒಂದೇ ಹೊತ್ತಿಗೆ ಕೀಲಿ ಕೊಡಬೇಕು, ತಡೆಯುವಷ್ಟಕ್ಕೆ ನಿಲ್ಲಿಸಬೇಕು, ಒತ್ತಾಯ ಮಾಡಬಾರದು, ರಾತ್ರಿ ಡಯಲು ಮೇಲಾಗಿ ಮಲಗಿಸಬೇಕು, ಎಷ್ಟು ಮುಂದೆ ಎಷ್ಟು ಹಿಂದೆ ಎಂಬುದನ್ನು ಬರೆದಿಟ್ಟು ಮುಂದಿನ ಕೂಟಕ್ಕೆ ತರಬೇಕು. ಅದರಂತೆ ಪಂಚಾಂಗದ ಹಿಂಬದಿಯ ಹಾಳೆಯಲ್ಲಿ ಬರೆಯುತ್ತ ಬಂದಿದ್ದೇವೆ. ಮೊದಲ ದಿನ ಒಂದು ನಿಮಿಷ ಐವತ್ತು ಸೆಕೆಂಡು ಮುಂದೆ. ಎರಡನೆಯ ದಿನ ಒಂದೂವರೆ ನಿಮಿಷ. ಅಲ್ಲಿಂದೀಚೆಗೆ ನಲವತ್ತು ಸೆಕೆಂಡಿನ ಆಸುಪಾಸಿನಲ್ಲಿ ನಿಂತಿದೆ. ಪ್ರಾತಃಕಾಲ ಕಿಟಕಿಯ ಬಳಿ ನಾವು ಕೀಲಿ ಕೊಡುವಾಗ ಮೊಬೈಲಿನ ಗಡಿಯಾರವನ್ನು ಹಿಡಿದು ಸೆಕೆಂಡು ಕೂಗುವವರು ನಮ್ಮ ಮನೆಯವರು.

ಶಿಷ್ಯನು ಮೊನ್ನೆ ಫೋನು ಮಾಡಿದ್ದನು. ಸುಜಾತಾದ ಕೀಲಿಯ ಗುಂಡಿ ಯಾರದೋ ಗಡಿಯಾರಕ್ಕೆ ಹೊಂದಿತಂತೆ. ಉಳಿದುದು ಡಬ್ಬಿಯಲ್ಲಿಯೇ ಇದೆ. ಯಾರದಕ್ಕೆ ಎಂದು ಇವರು ಒಳಗಿನಿಂದಲೇ ಕೇಳಿದರು. ಅವನಿಗೂ ಗೊತ್ತಿರಲಿಲ್ಲ, ಅಮ್ಮನನ್ನು ಕೇಳಿ ಹೇಳುವೆನೆಂದನು. ಮುಂದಿನ ಕೂಟ ಚೈತ್ರಮಾಸದಲ್ಲಿ. ಎರಡು ಟಿಕೇಟು ತೆಗೆಸುವಂತೆ ನಮಗೆ ಈಗಲೇ ಅಪ್ಪಣೆಯಾಗಿದೆ.